ಶುಕ್ರವಾರದ ಅಪ್ಪಣೆ

ಫ್ಯಾನ್ ತಿರುಗ್ತಿಲ್ಲ ಅಂತ ಎದ್ದೇಳ್ಬೇಡ ಮುನಿಯಮ್ಮ, ಕರೆಂಟ್ ಈಗ ಬರತ್ತೆ. ಕೂತ್ಕೋ. ಬಾಗಿಲು ಯಾಕೆ ಹಾಕ್ದೆ ಅಂದ್ರೆ... ನಮ್ಮ ಅರ್ಚಕರಿಗೆ ಕಿವಿ ಸ್ವಲ್ಪ ಚುರುಕು. ಆಂಜನೇಯನ್ನ ಮಲಗಿಸಿ ಮನೆಗೆ ಹೋಗೋದು ಬಿಟ್ಟು ಇಲ್ಲೇ ಸುತ್ತಾಡ್ತಿರ್ತಾರೆ. ನೀನು ಹೂ ಕಟ್ತಾನೇ ಕೇಳು, ನಿನ್ನ ಕೆಲಸ ನಾನ್ಯಾಕೆ ಕೆಡಿಸ್ಲಿ. ಬುಟ್ಟಿ ಹಾರ್ಮೋನಿಯಂ ಪೆಟ್ಟಿಗೆ ಮೇಲಿಡು, ಪರವಾಗಿಲ್ಲ. ನಮ್ಮ ಭಜನಾ ಮಂಡಳಿ ರೂಮಲ್ಲಿ ನಿನ್ನ ಹೂವಿಗೆ ಜಾಗ ಇಲ್ವಾ?

ಏನ್ ಹೇಳ್ತಿದ್ದೆ... ಹಾಂ, ಶುಕ್ರವಾರ. ನೋಡು, ಸುಳ್ಳು ಹೇಳು ಅಂತ ನಾನು ಅಂತಿಲ್ಲ. ಯಾಕೆ ನಗ್ತೀಯ? ನಗೋ ಮಾತಲ್ಲ ಇದು. ಆಷಾಢದ ಶುಕ್ರವಾರ ನಿನ್ನ ಮೈಮೇಲೆ ಅಮ್ಮ ಬರ್ತಾಳೆ. ವರ್ಷಾ ವರ್ಷಾ ಬರ್ತಾಳೆ, ನಾನೇನು ಕರೆಸು ಅಂತಿದೀನಾ? ಅವಳಾಗೇ ಬರ್ತಾಳೆ, ನಾಲ್ಕು ಮಾತು ಹೇಳ್ತಾಳೆ, ಹೋಗ್ತಾಳೆ. ಈ ಸಲ ಆ ನಾಲ್ಕರ ಜೊತೆ ಇನ್ನೊಂದು. ಒಂದೇ ಒಂದು. 'ಗುಡಿ ಹಿಂದಿನ ನಾಗಪ್ಪನ ತಲೆ ಮೇಲೆ ಸೂರು ಕಟ್ಬೇಡಿ, ಇದ್ದಲ್ಲಿಂದ ಅವನನ್ನ ಅಲ್ಲಾಡಿಸ್ಬೇಡಿ.' ಇಷ್ಟೇ. ಇಷ್ಟು ಹೇಳಿದ್ರೆ ಆ ಮಂಜುನಾಥ್ ಗುದ್ದಲಿ ಕೆಳಗಿಟ್ಟು ಮನೆಗೆ ಹೋಗ್ತಾನೆ. ಕಮಿಟಿ ಅಧ್ಯಕ್ಷ ಆದ್ರೇನು, ಹೋದ ವರ್ಷ ನೀನು ಕಣ್ಣು ಕೆಂಪು ಮಾಡಿ ನೋಡಿದ್ದಕ್ಕೇ ಉದ್ದಕ್ಕೆ ಅಡ್ಡಬಿದ್ದ. ಲೇಔಟ್ ಮಾಡಿ ಸೈಟ್ ಮಾರೋ ಮನುಷ್ಯ, ಭೂಮಿಗೆ ಹೆದರಲ್ಲ, ನಿಂಗೆ ಹೆದರ್ತಾನೆ.

ನಂಗೂ ಹೆದರಿಕೆ ಅಂತೀಯಾ? ಇಲ್ಲಪ್ಪ. ಅಮ್ಮನ ಮೇಲೆ ನಂಗೆ ಗೌರವ ಇದೆ.

ಹಂಗೆ ನೋಡ್ಬೇಡ. ಮೊದಲಿಂದ ಹೇಳ್ತೀನಿ ಇರು. ನಿಂಗೆ ಗೊತ್ತಿರೋದೇ, ಆದ್ರೆ ಮೂವತ್ತೊಂದು ವರ್ಷ ಪಾಠ ಮಾಡಿದ ಬಾಯಿದು, ಮೊದಲಿಂದ ಶುರು ಮಾಡ್ದೆ ನಂಗೆ ಬರಲ್ಲ. ಗುಡಿ ಹಿಂದಿನ ಜಾಗ ಎಂಟು ವರ್ಷದ ಹಿಂದೆ ಹೆಂಗಿತ್ತು ಹೇಳು? ದೇವರ ಹೆಸರಲ್ಲಿರೋ ಜಾಗ, ಹಳೇ ಕಾಲದಲ್ಲಿ ಹೂದೋಟವಂತೆ. ನಾವು ಕಂಡಿದ್ದೇನು? ಇಡೀ ಶಂಕರಪುರಂನಲ್ಲಿ ಯಾರು ಹಳೇ ಮನೆ ಕೆಡವಿದ್ರೂ ಅದರ ಇಟ್ಟಿಗೆ, ಗಾರೆ, ಒಡೆದ ಕಮೋಡು, ಎಲ್ಲ ತಂದು ಅಲ್ಲೇ ಸುರಿಯೋರು. ಮಂಡಳಿ ಹೆಂಗಸ್ರು ಹನ್ನೆರಡು ಜನ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಇಳಿದ್ವಿ. ಶನಿವಾರ ಭಜನೆ ಮುಗಿಸಿ ಒಂದು ಗಂಟೆ ಬಾಂಡ್ಲಿ ಹೊರೋದು, ಆಮೇಲೆ ಪ್ರಸಾದ. ನಮ್ಮನೆಯವರು ದೊರೆಸ್ವಾಮಿ, ನಿಂಗೆ ಗೊತ್ತಲ್ಲ ಅವರ ಬಾಯಿ, ಇದೇನು ಭಜನೆಯೋ ಕಾಮಗಾರಿಯೋ ಅಂತ ಕೇಳಿದ್ರು. ಎರಡೂ ಒಂದೇ ಅಂದೆ.

ಮಣ್ಣೇ ಇರ್ಲಿಲ್ಲ ಮುನಿಯಮ್ಮ ಅಲ್ಲಿ. ಗುದ್ದಲಿ ಹಾಕಿದ್ರೆ ಠಣ್ ಅನ್ನೋದು. ನೆಟ್ಟ ಹೊಂಗೆ ಸಸಿ ಒಂದು ತಿಂಗಳು ನಿಂತ್ಕೊಂಡು ಕಡ್ಡಿ ಆಗೋದು. ಅವಾಗ ನಿರ್ಮಾಲ್ಯದ ಯೋಚನೆ ಬಂದಿದ್ದು. ಸುತ್ತ ಅಷ್ಟು ಗುಡಿ ಇದೆ, ದೇವರ ಮೈಮೇಲಿಂದ ಇಳಿಸಿದ ಹೂವು ದಿನಾ ಮೂಟೆಗಟ್ಲೆ. ಕಸಕ್ಕೆ ಹಾಕೋ ಹಂಗಿಲ್ಲ, ತುಳಿಯೋ ಹಂಗಿಲ್ಲ, ನೀರಿಗೆ ಬಿಡೋಣ ಅಂದ್ರೆ ನೀರೆಲ್ಲಿದೆ? ಎಲ್ಲ ಅರ್ಚಕರಿಗೂ ತಲೆನೋವು. ನಮಗೆ ಕೊಡಿ ಅಂದ್ವಿ. ಮಾರ್ಕೆಟ್ಟಲ್ಲಿ ಮಾರದೆ ಉಳಿದ ಸೇವಂತಿಗೆ ನೀನೇ ಎಷ್ಟು ಮೂಟೆ ಹೊತ್ತು ತಂದೆ, ಬಸ್ಸಲ್ಲಿ ಕಂಡಕ್ಟರ್ ಹತ್ರ ಜಗಳ ಆಡ್ಕೊಂಡು. ಒಂದು ಪದರ ಹೂವು, ಒಂದು ಪದರ ಸಗಣಿ, ಮೇಲೆ ಒಣಗಿದೆಲೆ. ಆರು ತಿಂಗಳಿಗೆ ಕೈ ಹಾಕಿದ್ರೆ ಬೆಚ್ಚಗಿರೋದು. ಕಪ್ಪಗೆ, ಪುಡಿಪುಡಿಯಾಗಿ... ಅವತ್ತು ನಾನು ಅತ್ತಿದ್ದು ನೆನಪಿದೆಯಾ? ಮೂಗಲ್ಲಿ ನೀರು ಸುರಿಸ್ಕೊಂಡು, ಒಂದು ಹಿಡಿ ಗೊಬ್ಬರ ಹಿಡ್ಕೊಂಡು ಅತ್ತೆ. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆ ಕೆಲಸ ಏನಾದ್ರೂ ಇದ್ರೆ ಅದೇನೇ.

ಆಮೇಲೆ ಏನಾಯ್ತು, ಒಂದು ಸೋಮವಾರ ಬಂದು ನೋಡಿದ್ರೆ ಆ ಗೊಬ್ಬರದ ಗುಂಡಿ ಮೇಲೇ ಎರಡು ಟ್ರ್ಯಾಕ್ಟರ್ ಗಾರೆ ಸುರಿದು ಹೋಗಿದಾರೆ. ನಿರ್ಮಾಲ್ಯದ ಮೇಲೆ! ತುಳಸಿ, ಹೂವು, ಎಲ್ಲದರ ಮೇಲೆ ಯಾರದೋ ಬಚ್ಚಲ ಮನೆ ಟೈಲ್ಸು. ಯಾವ ಆಫೀಸಿಗೆ ಹೋಗ್ಲಿಲ್ಲ ನಾನು? ಅರ್ಜಿ ಕೊಟ್ಟೆ. ಬೋರ್ಡ್ ಹಾಕಿಸ್ದೆ, ಬೋರ್ಡಿನ ಬುಡದಲ್ಲೇ ಸುರಿದ್ರು. ಬೇಲಿ ಹಾಕಿದ್ವಿ, ಬೇಲಿ ಕಬ್ಬಿಣಾನೇ ಹೋಯ್ತು. ಅಷ್ಟರಲ್ಲಿ...

ಅಷ್ಟರಲ್ಲಿ ನಾಗಪ್ಪ ಸಿಕ್ಕಿದ. ಜೂನ್ ತಿಂಗಳು. ಸಸಿ ನೆಡೋಕೆ ಗುಂಡಿ ತೋಡ್ತಾ ಇದ್ದಾಗ ಆಳು ಸತೀಶನ ಹಾರೆ ತಾಗಿ ನಾಗರಕಲ್ಲು ಸಿಕ್ತು, ಮಂಡಳಿಯವರೆಲ್ಲ ಸುತ್ತ ನಿಂತಿದ್ರು, ನೀನೂ ಹಿಂದೆ ನಿಂತಿದ್ದೆ ಅಲ್ವಾ? ಎಲ್ಲರೂ ಬಂದು ಮುಟ್ಟಿ ಕಣ್ಣಿಗೊತ್ಕೊಂಡ್ರು. ಸಂಜೆ ಹೊತ್ತಿಗೆ ಚಾಮರಾಜಪೇಟೆ ತನಕ ಸುದ್ದಿ. ಅವತ್ತಿಂದ ಒಂದು ಬಾಂಡ್ಲಿ ಗಾರೆ ಬಿದ್ದಿಲ್ಲ ಆ ಜಾಗದಲ್ಲಿ. ಒಂದು ಬಾಂಡ್ಲಿ! ನನ್ನ ಹನ್ನೊಂದು ಅರ್ಜಿ ಮಾಡದೆ ಇದ್ದಿದ್ದನ್ನ ಒಂದೂವರೆ ಅಡಿ ಕಲ್ಲು ಮಾಡ್ತು. ಗೋಡೆಗೆ ಉಚ್ಚೆ ಹೊಯ್ಯೋರು ಚಪ್ಪಲಿ ಬಿಟ್ಟು ಒಳಗೆ ಬರೋಕೆ ಶುರು ಮಾಡಿದ್ರು. ಈಗ ನೋಡು, ಹೊಂಗೆ, ಬೇವು, ಅತ್ತಿ, ನೇರಳೆ... ಅರವತ್ತಕ್ಕೂ ಜಾಸ್ತಿ ಮರ. ಮೊನ್ನೆ ಮಳೆ ಬಂದು ಇಡೀ ರಸ್ತೆ ಹೊಳೆ ಆಯ್ತಲ್ಲ, ನಮ್ಮ ಜಾಗದಲ್ಲಿ ಒಂದು ಹನಿ ನಿಂತಿರ್ಲಿಲ್ಲ. ಮಣ್ಣು ಕುಡ್ಕೊಂಬಿಡ್ತು.

ಅದನ್ನ ಮುಚ್ತಾರಂತೆ. ಶುಕ್ರವಾರ ಭೂಮಿಪೂಜೆ, ಆಷಾಢ ಆದ್ರೂ ದೇವರ ಕೆಲಸಕ್ಕೆ ದೋಷ ಇಲ್ವಂತೆ. ನಾಗ ಸನ್ನಿಧಿ ಅಂತ ಹೆಸರು. ನೆಲಕ್ಕೆ ಗ್ರಾನೈಟು, ಮೇಲೆ ಆರ್‌ಸಿಸಿ, ಅದರ ಮೇಲೆ ನಾಮಕರಣ, ಸೀಮಂತಕ್ಕೆ ಅಂತ ಒಂದು ದೊಡ್ಡ ಹಾಲ್. ಪಕ್ಕದಲ್ಲಿ ಪಾರ್ಕಿಂಗು. ಇಪ್ಪತ್ತೆರಡು ಮರ ಹೋಗತ್ತೆ, ಉಳಿದಿದ್ದರ ಬುಡಕ್ಕೆ ಸಿಮೆಂಟು. ನಾನು ಮೀಟಿಂಗಲ್ಲಿ ಎದ್ದು ನಿಂತು, ನಾಗನಿಗೆ ಆಕಾಶ ಕಾಣಬೇಕು, ಮಣ್ಣು ತಾಗಬೇಕು, ಸೂರು ಸಲ್ಲದು ಅಂದೆ. ಅದಕ್ಕೆ ಶಾಂತಿ ಇದೆ ಅಂದ್ರು ಪುರೋಹಿತರು. ಎಲ್ಲದಕ್ಕೂ ಶಾಂತಿ ಇದೆ ಅವರ ಹತ್ರ! ಮಂಜುನಾಥ್ ಕೈ ಮುಗಿದು ಹೇಳಿದ್ದೇನು ಗೊತ್ತಾ? 'ಆಂಡಾಳ್ ಟೀಚರ್, ನಿಮ್ಮ ಕೈಗೆ ಸಿಕ್ಕಿದ ದೇವರು. ನೀವೇ ಬಿಸಿಲಲ್ಲಿ ಬಿಡಿ ಅಂದ್ರೆ ಹೆಂಗೆ?'

ಕೈ ಎತ್ತಿಸಿದ್ರು. ಹನ್ನೊಂದು ಕೈ ಮೇಲೆ ಹೋಯ್ತು ಮುನಿಯಮ್ಮ. ನನ್ನ ಮಂಡಳಿಯ ಹನ್ನೊಂದು ಕೈ. ಗಾಜಿನ ಚೂರು ಆರಿಸಿ ಗಾಯ ಆಗಿದ್ದ ಕೈಗಳೇ ಗ್ರಾನೈಟಿಗೆ ಎದ್ದಿದ್ದು. ಬೈಯೋಕೂ ಆಗಲ್ಲ. ಮಳೆಗಾಲದಲ್ಲಿ ಕಾಲು ಜಾರತ್ತೆ, ಪ್ರದಕ್ಷಿಣೆ ಹಾಕೋಕೆ ಆಗಲ್ಲ ಅಂತಾರೆ, ನಿಜಾನೇ. ದೇವರಿಗೆ ಚೆನ್ನಾಗಿ ಮಾಡಬೇಕು ಅಂತಾರೆ, ಅದೂ ತಪ್ಪಾ? ನಾನು ಮಣ್ಣಿಗೆ ಅಂತ ದೇವರನ್ನ ಕರೆದೆ. ಈಗ ದೇವರಿಗೆ ಅಂತ ಮಣ್ಣು ಮುಚ್ತಿದಾರೆ. ಎಲ್ಲಿಗೆ ಹೋಗ್ಲಿ ನಾನು?

ಕರೆದೆ ಅಂದ್ರೆ... ಪ್ರಾರ್ಥನೆ ಮಾಡ್ದೆ ಅಂತ. ದೇವರನ್ನ ಬೇಡ್ಕೊಂಡೆ, ಬಂದ. ಹಂಗೆ.

ಯಾಕೆ ಹೂ ಕಟ್ಟೋದು ನಿಲ್ಲಿಸ್ದೆ? ನೀರು ಕುಡೀತೀಯಾ? ಬಾಟಲ್ ಇಲ್ಲೇ ಇದೆ. ಬೇಡ್ವಾ. ಸರಿ.

ಮಂಡಳಿಲಿ ರುದ್ರಾಣಿ ಒಬ್ಬಳಾದ್ರೂ ನನ್ನ ಪರ ನಿಲ್ತಾಳೆ ಅಂದ್ಕೊಂಡಿದ್ದೆ. ಎಲ್ಲರಿಗಿಂತ ಮೊದಲು ಅವಳೇ ಕೈ ಎತ್ತಿದ್ದು. ಎತ್ತದೆ ಇರ್ತಾಳಾ? ಎಂಟು ವರ್ಷ ಮಕ್ಕಳಿರ್ಲಿಲ್ಲ, ನಲವತ್ತೆಂಟು ದಿನ ಆ ಕಲ್ಲು ಸುತ್ತಿದ್ಲು, ಯಶಶ್ರೀ ಹುಟ್ಟಿದ್ಲು. ಆ ಮಗು ಈಗ ಮೂರು ವರ್ಷದ್ದು, ಪುಟ್ಟಪುಟ್ಟ ಹೆಜ್ಜೆ ಇಟ್ಕೊಂಡು ಬಂದು ನಾಗಪ್ಪನಿಗೆ ಮುತ್ತು ಕೊಡತ್ತೆ. ನಾನು ಅತ್ತ ತಿರುಗ್ಕೋತೀನಿ. ನಾನೇನಾದ್ರೂ ಬಾಯಿ ಬಿಟ್ಟು ಆ ಕಲ್ಲು... ಅಂದ್ರೆ, ಆ ಕಲ್ಲಿನ ವಿಷಯ ಏನಾದ್ರೂ ಮಾತಾಡಿದ್ರೆ ಆ ಹುಡುಗಿ ಎದೆ ಒಡೆದು ಹೋಗತ್ತೆ. ಅದಕ್ಕೇ ನನ್ನ ಬಾಯಿಗೆ ಬೀಗ. ನಿನ್ನ ಬಾಯಿಗೆ ಇಲ್ಲ. ನೀನು ಹೇಳಿದ್ರೆ ರುದ್ರಾಣಿ ನಂಬ್ತಾಳೆ, ಮಂಜುನಾಥ್ ನಂಬ್ತಾನೆ, ಕಲ್ಲು ಕಲ್ಲಿದ್ದಲ್ಲೇ ಇರತ್ತೆ, ಮರ ಮರ ಇದ್ದಲ್ಲೇ.

ಅಳ್ತಿದೀಯಾ? ಯಾಕೆ... ಓ. ಮಕ್ಕಳ ಮಾತು ಎತ್ತಿದ್ದಕ್ಕಾ. ವಸಂತ್ ನೆನಪಾದ್ನಾ.

ಗೊತ್ತಮ್ಮ. ಗೊತ್ತು ನಂಗೆ. ಒಂಬತ್ತು ವರ್ಷ ಕಾದು, ನೀನೂ ನಿನ್ನ ಗಂಡ ದೊಡ್ಡಬೈರಪ್ಪನೂ ನಾಗರ ಪ್ರತಿಷ್ಠೆ ಮಾಡಿಸಿದ ಮೇಲೆ ಹುಟ್ಟಿದ ಮಗ. ಆ ಅಶ್ವತ್ಥಕಟ್ಟೆ, ಆ ಮರ, ಆ ಕಲ್ಲುಗಳು... ಗಾಳಿಮಳೆಗೆ ಮರ ಉರುಳಿ ಬಿದ್ದು ಕಟ್ಟೆ ಒಡೆದು ಹೋದ ದಿನ ನೀನು ಮಾರ್ಕೆಟ್ಟಿಂದ ಓಡಿ ಬಂದಿದ್ದೆ. ಎರಡು ದಿನ ಬಿಟ್ಟು ನಿನ್ನ ಕಲ್ಲು ಕಾಣ್ತಿಲ್ಲ ಅಂತ ನನ್ನ ಹತ್ರಾನೇ ಬಂದೆ, ನಾಲ್ಕು ಆಫೀಸು ಗೊತ್ತಿರೋ ಟೀಚರು ಅಂತ. ಮರ ಸಾಗಿಸೋ ಲಾರಿಲಿ ಹೋಗಿರಬೇಕು ಅಂದೆ ನಾನು. ಅದೇ ವರ್ಷ ಕಾರ್ತೀಕದಲ್ಲಿ ವಸಂತ್ ಹೋದ. ಇಪ್ಪತ್ತಾರು ವರ್ಷಕ್ಕೆ ಬೈಕು, ಲಾರಿ... ಅದು ಲಾರಿ ಡ್ರೈವರ್ ತಪ್ಪು ಮುನಿಯಮ್ಮ. ಅವಾಗಲೂ ಹೇಳಿದ್ದೆ, ಈಗಲೂ ಹೇಳ್ತೀನಿ. ಅದಕ್ಕೂ ಕಲ್ಲಿಗೂ ಸಂಬಂಧ ಇಲ್ಲ. ನನ್ನ ಮಾತು ನಂಬು.

ಅದನ್ನ ಬಿಡು ಈಗ. ಶುಕ್ರವಾರದ್ದು ಹೇಳ್ತೀನಿ, ಕೇಳು. ಮೊದಲು ಕಲ್ಲನ್ನ ಎತ್ತುತಾರೆ. ಎತ್ತಿ ನೀರಲ್ಲಿಟ್ಟು, ಕಟ್ಟಡ ಆದಮೇಲೆ ಹೊಸದಾಗಿ ಪ್ರತಿಷ್ಠೆ. ಅವರು ಹಾರೆ ತಗೊಳ್ಳೋ ಮುಂಚೇನೇ ನೀನು ಹೇಳಿಬಿಡಬೇಕು. ಎತ್ತಿದ ಮೇಲಲ್ಲ. ಎತ್ತೋ ಮುಂಚೆ. ಅದು ಮುಖ್ಯ. ಯಾಕಂದ್ರೆ ಒಂದ್ಸಲ ಎತ್ತಿದ್ರೆ ಆಯ್ತಲ್ಲ, ಆಮೇಲೆ ಏನು ಹೇಳಿ ಏನು. ಅಷ್ಟಕ್ಕೂ ಆ ಕಲ್ಲಿಗೆ ಸೂರು ಯಾಕೆ ಬೇಕು? ಇಪ್ಪತ್ತಾರು ವರ್ಷ ಬಿಸಿಲು ಮಳೆಗೆ ನಿಂತ ಕಲ್ಲು, ಒಂದು ದಿನ ಸೂರು ಕಂಡಿಲ್ಲ, ಅಂಥದ್ದಕ್ಕೆ...

ಇಪ್ಪತ್ತಾರು ಅಂದ್ರೆ... ಮಣ್ಣಲ್ಲಿ. ಮಣ್ಣೊಳಗೆ ಎಷ್ಟು ವರ್ಷ ಇತ್ತೋ ಯಾರಿಗೆ ಗೊತ್ತು, ಬಾಯಿಗೆ ಬಂದಿದ್ದು ಹೇಳ್ದೆ. ಲೆಕ್ಕ ಇಟ್ಟೋರು ಯಾರು. ಅಲ್ವಾ?

ಮುನಿಯಮ್ಮ, ಅಲ್ವಾ?

ಏನಾದ್ರೂ ಕೇಳು. ಇಪ್ಪತ್ತಾರು ಅಂತ ನಿಂಗೆ ಹೆಂಗೆ ಗೊತ್ತು ಅಂತ ಕೇಳು. ಯಾಕೆ ಕೇಳ್ತಿಲ್ಲ ನೀನು? ಬೇರೆ ಯಾರೇ ಆಗಿದ್ರೂ ಕೇಳೋರು. ಮಾರ್ಕೆಟ್ಟಲ್ಲಿ ಒಂದು ಮೊಳ ಹೂವಿಗೆ ಅರ್ಧ ಗಂಟೆ ವಾದ ಮಾಡೋ ಹೆಂಗಸು ನೀನು.

ನಿಂಗೆ ಗೊತ್ತಿದೆ.

ಇಲ್ಲ, ತಡಿ. ಹೇಳ್ತೀನಿ. ನಾನೇ ಹೇಳ್ತೀನಿ. ಮರ ಉರುಳಿದ ಮಾರನೇ ದಿನ ಆ ಕಟ್ಟೆ ಹತ್ರ ಐದು ಕಲ್ಲು ಬಿದ್ದಿತ್ತು, ರಸ್ತೆ ಪಕ್ಕ, ಕೊಂಬೆ ಕೆಳಗೆ. ಹೊಸ ಕಲ್ಲು ತಂದು ಹೂತಿದ್ರೆ ಯಾರು ನಂಬ್ತಿದ್ರು? ಅರಿಶಿನ ಎಣ್ಣೆ ಕುಡಿದು ಕಪ್ಪಾಗಿರೋ ಕಲ್ಲೇ ಬೇಕಿತ್ತು. ಮಧ್ಯಾಹ್ನ ಎರಡು ಗಂಟೆ, ಆಟೋದವನ ಕೈಲಿ ಎತ್ತಿಸ್ದೆ, ಗೋಣಿಚೀಲ ಸುತ್ತಿದ್ದೆ. ಹಗಲು ಹೊತ್ತಲ್ಲಿ ವಯಸ್ಸಾದ ಟೀಚರ್‌ನ ಯಾರು ಕೇಳ್ತಾರೆ? ಯಾರದ್ದು ಅಂತ ನೋಡಿ ತಗೊಳ್ಲಿಲ್ಲ, ಆ ಆಂಜನೇಯನಾಣೆ. ಇಬ್ಬರಿಗೆ ಎತ್ತೋಕಾಗೋದು ಅದೊಂದೇ ಇತ್ತು. ಮನೇಲಿ ಇಳಿಸಿ ತಿರುಗಿಸಿದಾಗ ನೋಡ್ದೆ. ಬೆನ್ನಲ್ಲಿ ಕೆತ್ತಿತ್ತು. ದೊಡ್ಡಬೈರಪ್ಪ.

ಅವಾಗ ವಾಪಸ್ ಇಡಬಹುದಿತ್ತು. ಅರ್ಧ ಕಿಲೋಮೀಟರು ಇಲ್ಲ. ಇಡಲಿಲ್ಲ. ಬಚ್ಚಲ ಪೈಪಿಗೆ ತಂದಿದ್ದ ಸಿಮೆಂಟು ಉಳಿದಿತ್ತು, ಆ ಹೆಸರಿನ ಮೇಲೆ ಮೆತ್ತಿದೆ. ಈ ಕೈಯಿಂದ. ಒಣಗೋ ತನಕ ಕಾದು, ಅದೇ ಆಟೋದವನ ಕೈಲಿ ಹೊರಿಸಿ, ಹಿಂದಿನ ದಿನ ಸತೀಶ ಅರ್ಧ ತೋಡಿ ಬಿಟ್ಟಿದ್ದ ಗುಂಡಿಗೆ ಹಾಕಿ ಮಣ್ಣೆಳೆದೆ. ಅದಕ್ಕೇ ಬೆನ್ನು ಗೋಡೆಗೆ ಅಂಟಿಸಿ ಕೂರಿಸಿದ್ದು. ಅದಕ್ಕೇ ಎತ್ತಬಾರದು ಅಂದಿದ್ದು. ಶುಕ್ರವಾರ ಹಾರೆ ಹಾಕಿದ್ರೆ ಸಿಮೆಂಟು ಕಳಚಿ ಬೀಳತ್ತೆ, ಎಲ್ಲರೂ ಓದ್ತಾರೆ. ಮರಕ್ಕೋಸ್ಕರ ಅಂತ ಅಷ್ಟು ಹೊತ್ತು ಹೇಳಿದ್ನಲ್ಲ... ಮರಕ್ಕೂ ಹೌದು. ನನ್ನ ಮಾನಕ್ಕೂ ಹೌದು. ಯಾವುದು ಜಾಸ್ತಿ ಅಂತ ಕೇಳ್ಬೇಡ.

ಬೈ. ಎರಡು ಏಟು ಹಾಕು. ಹಂಗೆ ಕೂತಿರ್ಬೇಡ.

ಯಾವತ್ತಿಂದ ಗೊತ್ತು ನಿಂಗೆ? ಮೊದಲ ದಿನದಿಂದನಾ? ಎಲ್ಲರೂ ಮುಟ್ಟಿ ಕಣ್ಣಿಗೊತ್ಕೊಂಡ್ರಲ್ಲ, ನೀನೊಬ್ಬಳು ಬಂದು ಹೆಡೆ ಮೇಲಿಂದ ಕೆಳಗಿನ ತನಕ ಬೆರಳಾಡಿಸ್ದೆ. ಭಕ್ತಿ ಅಂದ್ಕೊಂಡೆ ನಾನು. ಇಪ್ಪತ್ತಾರು ವರ್ಷ ದಿನಾ ಬೆಳಗ್ಗೆ ತೊಳೆದ ಕಲ್ಲು. ಬೆನ್ನು ಯಾಕೆ ಬೇಕು ನಿಂಗೆ, ಹೆಸರು ಯಾಕೆ ಬೇಕು. ಕಣ್ಣು ಕಟ್ಟಿ ಬಿಟ್ಟಿದ್ರೂ ಗುರುತು ಹಿಡೀತಿದ್ದೆ.

ಗೊತ್ತಿದ್ದೂ ಸುಮ್ಮನಿದ್ಯಾ? ಎಲ್ಲರ ಜೊತೆ ಸಾಲಲ್ಲಿ ನಿಂತು ನಿನ್ನ ಕಲ್ಲಿಗೇ ಹಾಲು ಹಾಕಿದ್ಯಾ? ರುದ್ರಾಣಿಗೆ ಪ್ರದಕ್ಷಿಣೆ ಹಾಕು ಅಂತ ಹೇಳ್ಕೊಟ್ಟೋಳು ನೀನೇ ಅಲ್ವಾ? ಮರ ಬೆಳೀತಿದೆ ಅಂತ ಸುಮ್ಮನಿದ್ಯೋ, ನಾನು ಮೇಡಮ್ಮು, ನೀನು ಗುಡಿ ಮೆಟ್ಟಿಲ ಹೂವಿನೋಳು, ಯಾರು ನಂಬ್ತಾರೆ ಅಂತ ಸುಮ್ಮನಿದ್ಯೋ?

ಹಂಗಾದ್ರೆ... ತಡಿ. ಜೂನಲ್ಲೇ ಗೊತ್ತಿತ್ತು ಅಂದ್ರೆ. ವಸಂತ್ ಹೋಗಿದ್ದು ಕಾರ್ತೀಕ. ಹನ್ನೊಂದನೇ ದಿನ ನಿನ್ನ ಮನೆಗೆ ಬಂದಿದ್ದೆ ನಾನು. ಚಾಪೆ ಮೇಲೆ ಕೂತಿದ್ದೆ ನೀನು. ನನ್ನ ಕೈ ಹಿಡ್ಕೊಂಡು, ಎಲ್ಲರೂ ಆಚೆ ಹೋಗೋ ತನಕ ಕಾದು, ಕೇಳಿದೆ. 'ಟೀಚರಮ್ಮ, ನನ್ನ ನಾಗಪ್ಪ ಎಲ್ಲೋದ? ಅವನು ಜಾಗ ಬಿಟ್ಟಿದ್ದಕ್ಕೇ ನನ್ನ ಮಗ ಹೋದ್ನಾ?' ಅಂತ. ಅದಕ್ಕೆ ನಾನು... ಪಾಠ ಮಾಡ್ದೆ ನಿಂಗೆ. ಮೂಢನಂಬಿಕೆ ಅಂದೆ. ಕಲ್ಲಲ್ಲಿ ಏನಿದೆ, ಕಲ್ಲು ಕಲ್ಲೇ ಅಂದೆ. ಅವತ್ತು ಬೆಳಗ್ಗೇನೇ ಆ ಕಲ್ಲಿಗೆ ಮಂಗಳಾರತಿ ಎತ್ತಿ ಬಂದಿದ್ದೆ.

ನೀನು ಎಲ್ಲೋದ ಅಂತ ಕೇಳಿದ್ದಲ್ಲ ಅವತ್ತು. ಎಲ್ಲಿದಾನೆ ಅಂತ ನಿಂಗೆ ಗೊತ್ತಿತ್ತು. ನಾನು ಹೇಳ್ತೀನಾ ಅಂತ ನೋಡಿದ್ದೆ. ಮಗನ್ನ ಕಳ್ಕೊಂಡು ಕೂತಿರೋಳು, ನಂಗೆ ಒಂದು ದಾರಿ ಬಿಟ್ಕೊಟ್ಟಿದ್ದೆ. ಏಳು ವರ್ಷ ತೆಗೆದಿಟ್ಕೊಂಡೇ ಇದ್ದೆ ಆ ದಾರೀನ. ಇವತ್ತು ಟೀಚರಮ್ಮ ರೂಮಿಗೆ ಕರೆದ್ರು ಅಂತ ಬಂದೆಯಲ್ಲ, ಇವತ್ತಾದ್ರೂ ಹೇಳ್ತಾರೆ ಅಂದ್ಕೊಂಡು ಬಂದ್ಯಾ?

ಹೇಳೋಕೆ ಕರೀಲಿಲ್ಲ ಮುನಿಯಮ್ಮ ನಾನು. ನಿನ್ನ ಬಾಯಲ್ಲಿ ಇನ್ನೊಂದು ಸುಳ್ಳು ಹೇಳಿಸೋಕೆ ಕರೆದೆ.